ಹುಣಸೆ, ತೆಂಗು, ಗೋಣಿಚೀಲ: ಏರ್ ಪಿಸ್ತೂಲಿಗೆ ಕೈಯಾರೆ ಹಿಡಿ ಮಾಡುವುದು

ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್. ಅಂಗಿಯ ಗುಂಡಿಯಷ್ಟೇ ಅನ್ನಿ. ಅದರಿಂದಾಚೆಗೆ ಪ್ರತಿ 8 ಮಿ.ಮೀ.ಗೆ ಒಂದೊಂದು ಅಂಕ ಇಳಿಯುತ್ತ ಹೋಗುತ್ತದೆ. ಇಷ್ಟು ಚಿಕ್ಕ ಗುರಿಗೆ ಒಂದೇ ಕೈ ಚಾಚಿ, ಇನ್ನೊಂದು ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸಿಕೊಂಡು, ಅರವತ್ತು ಸಲ ಹೊಡೆಯಬೇಕು. ಪ್ಯಾರಿಸ್‌ನಲ್ಲಿ 2024ರಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಇದೇ ಆಟದಲ್ಲಿ, ಒಂದು ಒಬ್ಬರೇ, ಇನ್ನೊಂದು ಸರಬ್ಜೋತ್ ಸಿಂಗ್ ಜೊತೆಗೂಡಿ. ಅದಕ್ಕೂ ಹತ್ತು ವರ್ಷ ಹಿಂದೆ ಬೆಂಗಳೂರಿನ ಪ್ರಕಾಶ್ ನಂಜಪ್ಪ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದದ್ದೂ ಇದರಲ್ಲೇ.

ಹೊಸದಾಗಿ ಕಲಿಯುವವರು ಕೈ ನಡುಗುವುದೇ ದೊಡ್ಡ ಶತ್ರು ಅಂದುಕೊಳ್ಳುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಇಡೀ ಕೈ, ಪಿಸ್ತೂಲಿನ ಸಮೇತ, ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುರಿಹಾಳೆಯಲ್ಲೂ ಗುಂಡು ಒಂದೇ ಮಿಲಿಮೀಟರ್ ಸರಿಯುತ್ತದೆ. ಆದರೆ ಮಣಿಕಟ್ಟು ಕೊಂಚ ತಿರುಗಿ, ಗುರಿ ನೋಡಲು ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವಿನಿಂದ ಅದೇ ಒಂದು ಮಿಲಿಮೀಟರ್ ತಪ್ಪಿದರೆ? ಎರಡೂ ಸೈಟುಗಳ ನಡುವೆ ಸುಮಾರು 32 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಹತ್ತು ಮೀಟರ್ ದೂರಕ್ಕೆ ಆ ತಪ್ಪು 31 ಪಟ್ಟು ಬೆಳೆಯುತ್ತದೆ. ಗುಂಡು ನಡುವಿನಿಂದ 31 ಮಿ.ಮೀ. ಆಚೆ ಬೀಳುತ್ತದೆ, ಹತ್ತರ ಬದಲು ಏಳು ಸಿಗುತ್ತದೆ. ಅಂದರೆ ಕೈ ಅಲುಗುವುದು ಅಷ್ಟು ಕೆಡಿಸುವುದಿಲ್ಲ, ಕೈಯೊಳಗೆ ಪಿಸ್ತೂಲು ತಿರುಗುವುದು ಕೆಡಿಸುತ್ತದೆ. ತಿರುಗದಂತೆ ಹಿಡಿದಿಡುವುದು ಹಿಡಿಯ ಕೆಲಸ. ಪ್ರತಿ ಸಲ ಎತ್ತಿದಾಗಲೂ ಅಂಗೈಯ ಅದೇ ಜಾಗಕ್ಕೆ ಅದೇ ಕೋನದಲ್ಲಿ ಬಂದು ಕೂರಬೇಕು, ಅಷ್ಟೇ.

ಅದಕ್ಕೇ ಹಿಡಿಯನ್ನು ಕೈಯಾರೆ ಮಾಡಿಕೊಳ್ಳುವ ಈ ಹವ್ಯಾಸ. ಅಮೆರಿಕದಲ್ಲಿ ರಿವಾಲ್ವರಿನ ಹಿಡಿಗೆ ಜಿಂಕೆಕೊಂಬು, ಮುತ್ತಿನಚಿಪ್ಪು, ಹಳೆಯ ದಂತ ಕೂರಿಸಿ ಅಂದ ನೋಡುವ ದೊಡ್ಡ ಬಳಗವೇ ಇದೆ. ಎರಡನೇ ಮಹಾಯುದ್ಧದ ಸೇನಾನಿ ಪ್ಯಾಟನ್ ಸೊಂಟದಲ್ಲಿ ನೇತಾಡುತ್ತಿದ್ದ ಕೋಲ್ಟ್ ರಿವಾಲ್ವರಿನ ದಂತದ ಹಿಡಿ ಅವರಿಗೆಲ್ಲ ಆದರ್ಶ. ನಮ್ಮಲ್ಲಿ ಆ ದಾರಿ ಬೇಡ. ಲೈಸೆನ್ಸ್ ಇರುವ ಬಂದೂಕು, ರಿವಾಲ್ವರನ್ನು ಹಿಡಿ ಬದಲಿಸಲಿಕ್ಕೆಂದು ಬಡಗಿಯ ಅಂಗಡಿಯಲ್ಲಿ ಬಿಟ್ಟು ಬರುವ ಹಾಗೇ ಇಲ್ಲ. ಅದನ್ನು ಇಟ್ಟುಕೊಳ್ಳಲು ಆ ಬಡಗಿಗೆ ಪರವಾನಗಿ ಎಲ್ಲಿದೆ? ಏರ್ ಪಿಸ್ತೂಲಿನ ಮಾತು ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದರೆ 4.5 ಮಿ.ಮೀ. ಒಳಗಿನ ನಳಿಗೆಯ, 20 ಜೂಲ್‌ಗಿಂತ ಕಡಿಮೆ ಬಲದ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ. ಸ್ಪರ್ಧೆಯ ಪಿಸ್ತೂಲು ಅರ್ಧ ಗ್ರಾಮಿನ ಗುಂಡನ್ನು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಕಳಿಸುತ್ತದೆ. ಲೆಕ್ಕ ಹಾಕಿದರೆ ಆರು ಜೂಲ್ ಆಸುಪಾಸು. ಇಲ್ಲಿ ಹೇಳುವುದೆಲ್ಲ ಇಂಥ ಪಿಸ್ತೂಲಿನ ಹಿಡಿಯ ಬಗ್ಗೆ ಮಾತ್ರ.

ಕಂಪನಿಯ ಹಿಡಿ ಯಾಕೆ ಸಾಲದು

ಸ್ಟೈಯರ್, ಮೊರಿನಿ, ವಾಲ್ತರ್, ಪಾರ್ದಿನಿ ಯಾವುದೇ ಇರಲಿ, ಕಾರ್ಖಾನೆಯಿಂದ ಬರುವ ಹಿಡಿ ಸಣ್ಣದು, ಮಧ್ಯಮ, ದೊಡ್ಡದು ಎಂಬ ಅಳತೆಗಳಲ್ಲಿ ಬರುತ್ತದೆ, ಹೆಚ್ಚಾಗಿ ವಾಲ್‌ನಟ್ ಮರದ್ದು. ಅದು ಯುರೋಪಿನ ಕೈಗಳನ್ನು ನೋಡಿ ಕೊರೆದ ಆಕಾರ. ನಮ್ಮ ಹೆಣ್ಣುಮಕ್ಕಳ ಕೈಗೆ, ಹದಿನಾಲ್ಕು ಹದಿನೈದರ ಹುಡುಗರ ಕೈಗೆ ಸಣ್ಣ ಅಳತೆಯೂ ಸಡಿಲವೇ. ಹಾಗಾಗಿ ಬಹಳಷ್ಟು ಮಂದಿ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ತಂದು ಅಲ್ಲಲ್ಲಿ ಮೆತ್ತಿಕೊಳ್ಳುತ್ತಾರೆ. ನೋಡಲು ಗೋಡೆಯ ಬಿರುಕಿಗೆ ತೇಪೆ ಹಾಕಿದಂತಿದ್ದರೂ ಕೆಲಸ ನಡೆಯುತ್ತದೆ. ನಾಚಿಕೆ ಪಡುವಂಥದ್ದೇನಿಲ್ಲ, ದೊಡ್ಡ ದೊಡ್ಡ ಆಟಗಾರರ ಹಿಡಿಗಳಲ್ಲೂ ಪುಟ್ಟಿಯ ತೇಪೆಗಳಿರುತ್ತವೆ.

ಆಕಾರ ಅರ್ಥವಾಗಬೇಕಾದರೆ ಯಾವ ಬೆರಳು ಏನು ಮಾಡುತ್ತದೆ ನೋಡಬೇಕು. ಹಿಡಿತದ ಬಲ ಬರಬೇಕಾದ್ದು ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನಿಂದ, ಮುಂದಿನಿಂದ ನೇರ ಹಿಂದಕ್ಕೆ, ಅಂಗೈ ಬುಡದ ಕಡೆಗೆ. ಹೆಬ್ಬೆರಳು ಸುಮ್ಮನೆ ಒರಗಿರಬೇಕು, ಒತ್ತಬಾರದು. ಕಿರುಬೆರಳೂ ಅಷ್ಟೇ. ತೋರುಬೆರಳು ಟ್ರಿಗರ್ ಬಿಟ್ಟು ಬೇರೆ ಎಲ್ಲೂ ತಾಗಬಾರದು. ಆ ಬೆರಳಿನ ಪಕ್ಕದಲ್ಲಿ ಮರ ಮುಟ್ಟಿದರೆ ಟ್ರಿಗರ್ ಎಳೆಯುವಾಗ ಬೆರಳು ಮರವನ್ನೂ ತಳ್ಳುತ್ತದೆ, ಪಿಸ್ತೂಲು ತಿರುಗುತ್ತದೆ, ಮೇಲಿನ 31 ಪಟ್ಟಿನ ಲೆಕ್ಕ ಶುರುವಾಗುತ್ತದೆ. ಟ್ರಿಗರಿನ ಭಾರ ಕಡಿಮೆಯೆಂದರೂ 500 ಗ್ರಾಮ್ ಇರಬೇಕೆಂಬ ನಿಯಮವಿದೆ. ಆ ಅರ್ಧ ಕಿಲೋ ಎಳೆತ ನಳಿಗೆಯ ಗೆರೆಯಲ್ಲೇ ನೇರ ಹಿಂದಕ್ಕೆ ಹೋಗುವಂತೆ ಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಕೂರಬೇಕು. ಹಿಡಿಯ ಹಿಂಭಾಗದಲ್ಲಿ ಮರ ಎಷ್ಟು ದಪ್ಪ ಇರಬೇಕೆಂಬುದು ತೀರ್ಮಾನವಾಗುವುದೇ ಇದರಿಂದ. ದಪ್ಪ ಹೆಚ್ಚಾದರೆ ಬೆರಳು ಟ್ರಿಗರಿಗೆ ಎಟಕದು, ಕಡಿಮೆಯಾದರೆ ಬೆರಳು ಆಚೆ ದಾಟಿ ಗೆಣ್ಣಿನ ಮಡಿಕೆಯಿಂದ ಎಳೆಯುವಂತಾಗುತ್ತದೆ.

ನಿಯಮಗಳು ಇನ್ನೊಂದಿಷ್ಟು ಬೇಲಿ ಹಾಕುತ್ತವೆ. ಅಂಗೈಯ ಕೆಳಗೆ ಆಸರೆಯಾಗಿ ಬರುವ ತಟ್ಟೆ ಹಿಡಿಯಿಂದ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಮೇಲೆ ಬಾಗುವಂತಿಲ್ಲ. ಹಿಡಿ ಕೈಯನ್ನು ಸುತ್ತುವರಿಯುವಂತಿಲ್ಲ, ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳಬೇಕು, ಮಣಿಕಟ್ಟು ಹೊರಗೆ ಕಾಣುವಂತೆ ಬರಿದಾಗಿರಬೇಕು. ಇಡೀ ಪಿಸ್ತೂಲು 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು, ತೂಕ 1,500 ಗ್ರಾಮ್ ದಾಟಬಾರದು. ಈ 50 ಮಿಲಿಮೀಟರೇ ಹವ್ಯಾಸಿಗಳನ್ನು ಕಾಡುವುದು. ಅಂಗೈ ತಟ್ಟೆ ಅಗಲ ಮಾಡಿದಷ್ಟೂ ಸುಖ, ಆದರೆ ಐದು ಸೆಂಟಿಮೀಟರ್ ದಾಟಿದರೆ ಆಟದಿಂದಲೇ ಆಚೆ.

ಮರ ಕದಲುತ್ತದೆ

ಮರದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಬಣ್ಣ, ಗಟ್ಟಿತನ, ಹೆಸರು ಹೇಳುತ್ತಾರೆ. ಪಿಸ್ತೂಲಿನ ಹಿಡಿಗೆ ಮೊದಲು ಕೇಳಬೇಕಾದ್ದು ಬೇರೆ: ಮಳೆಗಾಲಕ್ಕೂ ಬೇಸಿಗೆಗೂ ಇದು ಎಷ್ಟು ಕದಲುತ್ತದೆ?

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ, ಕೋಶಗಳ ಒಳಗಿನ ಖಾಲಿ ಜಾಗದಲ್ಲಿ ಮತ್ತು ಕೋಶದ ಗೋಡೆಗಳಲ್ಲಿ. ಮೊದಲನೆಯದು ಆರಿದರೆ ಮರ ಹಗುರಾಗುತ್ತದೆ ಅಷ್ಟೇ, ಆಕಾರ ಬದಲಾಗುವುದಿಲ್ಲ. ತೇವ ಸುಮಾರು ನೂರಕ್ಕೆ 30ಕ್ಕಿಂತ ಕೆಳಗಿಳಿದಾಗ ಗೋಡೆಗಳ ನೀರು ಬಿಡಲು ಶುರು. ಆಗಲೇ ಮರ ಕುಗ್ಗುವುದು. ಕುಗ್ಗುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ಉಂಗುರಗಳ ಗುಂಟ ಅದರ ಸುಮಾರು ಎರಡರಷ್ಟು. ದುಂಡನೆಯ ತುಂಡು ಸೀಳುವುದು, ಹಲಗೆ ಬಾಗುವುದು ಈ ವ್ಯತ್ಯಾಸದಿಂದಲೇ.

ಇದನ್ನು ಹಿಡಿಗೆ ಅನ್ವಯಿಸಿ ನೋಡಿ. ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ಗುಂಟ ನೂರಕ್ಕೆ 8ರಷ್ಟು ಕುಗ್ಗುವ ಮರ ತೆಗೆದುಕೊಳ್ಳಿ. ತುಮಕೂರಿನ ಏಪ್ರಿಲ್‌ಗೂ ತಿರುವನಂತಪುರದ ವಟ್ಟಿಯೂರ್ಕಾವು ಶೂಟಿಂಗ್ ರೇಂಜಿನ ಮಳೆಗಾಲಕ್ಕೂ ಮರದ ತೇವದಲ್ಲಿ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ ಬಂದರೂ, 50 ಮಿ.ಮೀ. ಅಗಲದ ಹಿಡಿ ಅರ್ಧ ಮಿಲಿಮೀಟರ್ ಉಬ್ಬುತ್ತದೆ. ಒಳಗಿನ ಪೊಳ್ಳೂ ಅದಕ್ಕೆ ತಕ್ಕಂತೆ ಬದಲಾಗಿ ಲೋಹದ ಚೌಕಟ್ಟು ಒಳಗೆ ಅಲ್ಲಾಡುತ್ತದೆ, ಇಲ್ಲವೇ ಬಿಗಿದು ಮರ ಸೀಳುತ್ತದೆ. ದೆಹಲಿಯ ಕರ್ಣಿ ಸಿಂಗ್ ರೇಂಜಿಗೆ ಡಿಸೆಂಬರಿನಲ್ಲಿ ಹೋದರೆ ಮತ್ತೊಂದು ಕಥೆ. ಆದ್ದರಿಂದ ತುಂಡನ್ನು ಕೊಯ್ಯುವಾಗಲೇ ಉಂಗುರಗಳ ಗೆರೆ ಹಿಡಿಯ ಅಗಲಕ್ಕೆ ಅಡ್ಡ ನಿಲ್ಲುವಂತೆ ಕೊಯ್ಯಿಸಬೇಕು, ಕದಲಿಕೆ ಅರ್ಧಕ್ಕಿಳಿಯುತ್ತದೆ. ಸಾಮಿಲ್ಲಿನವರಿಗೆ ಇದನ್ನು ಒಪ್ಪಿಸುವುದು ಒಂದು ಸಾಹಸ. "ಅಣ್ಣಾ, ಒಂದು ಗೇಣು ಸೌದೆಗೆ ಇಷ್ಟೊಂದು ತಿರುಗಿಸಿ ಮುರುಗಿಸಿ ನೋಡ್ತಿದೀರಲ್ಲ" ಎಂಬ ಮಾತು ಕೇಳದೆ ಯಾರೂ ಒಳ್ಳೆಯ ತುಂಡು ತಂದದ್ದಿಲ್ಲ.

ಒಣಗಿಸುವುದಕ್ಕೆ ಅಡ್ಡದಾರಿ ಇಲ್ಲ. ದಪ್ಪದ ಒಂದೊಂದು ಇಂಚಿಗೆ ಒಂದು ವರ್ಷ ಎಂಬುದು ಎಲ್ಲ ದೇಶದ ಬಡಗಿಗಳ ಅಂದಾಜು. ಎರಡೂ ತುದಿಗಳಿಗೆ ಮೇಣ ಬಳಿದು ನೆರಳಲ್ಲಿಡಬೇಕು, ತುದಿಗಳಿಂದ ನೀರು ಬೇಗ ಹೋಗಿ ಬಿರುಕು ಬಿಡುತ್ತದೆ. ತಿಂಗಳಿಗೊಮ್ಮೆ ತೂಕ ಹಾಕಿ ಅದರ ಮೇಲೇ ಬರೆದಿಡಿ. ತೂಕ ಇಳಿಯುವುದು ನಿಂತಿತು ಅಂದರೆ ಮರ ಊರಿನ ಹವೆಗೆ ಹೊಂದಿಕೊಂಡಿತು ಅಂತ. ಹಳೆ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲುವಾಡಗಳಲ್ಲಿ ಈ ತಾಪತ್ರಯವೇ ಇಲ್ಲ. ಐವತ್ತು ಅರವತ್ತು ಮಳೆಗಾಲ ಕಂಡ ತೇಗ ಕದಲುವುದು ತೀರಾ ಕಡಿಮೆ. ಮೊಳೆಗಳನ್ನು ಮಾತ್ರ ಹುಡುಕಿ ಕಿತ್ತುಬಿಡಿ.

ಕಲ್ಪತರು ನಾಡಿನ ಉಗ್ರಾಣ

ಹೊರದೇಶದವರು ದುಡ್ಡು ಸುರಿದು ತರಿಸುವಂಥ ವಿಚಿತ್ರ ಮರಗಳು ನಮ್ಮ ಹಿತ್ತಲಲ್ಲೇ ಬಿದ್ದಿವೆ. ಹುಣಸೆಯನ್ನೇ ನೋಡಿ. ರಸ್ತೆ ಅಗಲ ಮಾಡಿದಾಗೆಲ್ಲ ಉರುಳುವ ಸಾಲುಮರಗಳಲ್ಲಿ ಇದರದ್ದೇ ದೊಡ್ಡ ಪಾಲು. ಹೊರಗಿನ ಬಿಳಿಮರ ಹಳದಿ ಮಿಶ್ರಿತ, ಹುಳು ಹೊಡೆಯುವಂಥದ್ದು. ಆದರೆ ಹಳೆಯ ಮರದ ನಡುವೆ ನೇರಳೆಗಪ್ಪಿನ ಚೇಗು ಇರುತ್ತದೆ, ಅಂಕುಡೊಂಕಾಗಿ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕೊಯ್ಯುವ ತನಕ ಗೊತ್ತಾಗದ ಹಾಗೆ. ಗಾಣಕ್ಕೆ, ಒನಕೆಗೆ, ಮಾಂಸದಂಗಡಿಯ ಕೊರಡಿಗೆ ಹುಣಸೆಯನ್ನೇ ಹುಡುಕುತ್ತಿದ್ದರೆಂದರೆ ಗಟ್ಟಿತನದ ಬಗ್ಗೆ ಬೇರೆ ಸಾಕ್ಷಿ ಬೇಡ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ತೋಪಡ ಹೊಡೆದರೆ ಚಕ್ಕೆ ಕಿತ್ತು ಬರುತ್ತದೆ. ಇದನ್ನು ಅರ ಹಾಕಿಯೇ ಆಕಾರಕ್ಕೆ ತರಬೇಕು.

ತೆಂಗು ಇನ್ನೂ ವಿಚಿತ್ರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮುದಿ ತೆಂಗಿನಮರ ಕಡಿದರೆ ಕಾಲುವೆಗೆ ಅಡ್ಡ ಹಾಕುವುದೋ ಒಲೆಗೆ ಹಾಕುವುದೋ ಮಾಡುತ್ತಾರೆ. ತೆಂಗು ಹುಲ್ಲು, ಬಿದಿರಿನ ಗುಂಪಿನದು, ಅದಕ್ಕೆ ವರ್ಷದ ಉಂಗುರಗಳಿಲ್ಲ, ಕೊಂಬೆಯಿಲ್ಲವಾದ್ದರಿಂದ ಗಂಟೂ ಇಲ್ಲ. ನೀರು ಸಾಗಿಸುವ ನಾಳಗಳು ಕಪ್ಪು ದಾರದಂತೆ ತಿಳಿಕಂದು ಮೈಯಲ್ಲಿ ಓಡುತ್ತವೆ. ಅಡ್ಡ ಕೊಯ್ದರೆ ಚುಕ್ಕಿ ಚುಕ್ಕಿ, ಉದ್ದಕ್ಕೆ ಕೊಯ್ದರೆ ಗೀರು ಗೀರು, ಹಿಡಿಯ ಉಬ್ಬುತಗ್ಗಿನಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ಆದರೆ ಗಟ್ಟಿ ಇರುವುದು ಹೊರಗಿನ ನಾಲ್ಕು ಬೆರಳಿನಷ್ಟು ಮಾತ್ರ, ಅದೂ ಬುಡದ ಕಡೆ. ಒಳತಿರುಳು ಬೆಂಡು. ಉಳಿಯ ಅಲಗನ್ನು ಬೇಗ ಮೊಂಡು ಮಾಡುತ್ತದೆ ಎಂಬ ದೂರೂ ಇದೆ.

ಹಲಸು ನನ್ನ ಮಟ್ಟಿಗೆ ಕಲಿಯುವವರ ಮರ. ವೀಣೆಗೂ ಮೃದಂಗಕ್ಕೂ ಅದನ್ನೇ ಬಳಸುತ್ತಾರೆ, ಮಧ್ಯಮ ತೂಕ, ಉಳಿಗೆ ಒಲಿಯುತ್ತದೆ, ಕದಲುವುದು ಕಡಿಮೆ. ಕೊಯ್ದಾಗ ಅರಿಶಿನದಂತೆ ಹಳದಿ. ಬೆಳಕಿಗೆ ತೆರೆದುಕೊಂಡು ವರ್ಷದೊಳಗೆ ಜೇನುಗಂದು ಬಣ್ಣಕ್ಕೆ ತಿರುಗುತ್ತದೆ. ಕರಿಜಾಲಿ ಗಾಡಿಯ ಚಕ್ರಕ್ಕೂ ನೇಗಿಲಿಗೂ ಬಂದ ಮರ, ಗಟ್ಟಿ, ಆದರೆ ಒಗರು ಹೆಚ್ಚು. ಆ ಒಗರು ಬೆವರಿನ ತೇವದಲ್ಲಿ ಕಬ್ಬಿಣದ ಸ್ಕ್ರೂ ಜೊತೆ ಸೇರಿ ಮಸಿಯಂಥ ಕಪ್ಪು ಕಲೆ ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಹಿತ್ತಾಳೆ ಸ್ಕ್ರೂ ಹಾಕಿದರೆ ಈ ಪಾಡಿಲ್ಲ. ಒಣನಾಡಿನ ಕಮರ ಭಾರತದ ಅತಿ ಭಾರದ ಮರಗಳಲ್ಲೊಂದು, ನೀರಲ್ಲಿ ಮುಳುಗುತ್ತದೆ. ಹಿಡಿಯ ಮರದ ಗಾತ್ರ 200 ಘನ ಸೆಂಟಿಮೀಟರ್ ಎಂದಿಟ್ಟುಕೊಂಡರೆ ವಾಲ್‌ನಟ್‌ನಲ್ಲಿ 130 ಗ್ರಾಮ್ ತೂಗುವುದು ಕಮರದಲ್ಲಿ 200 ಗ್ರಾಮ್ ದಾಟುತ್ತದೆ. ಆ ಭಾರ ಕೈಯೊಳಗೇ ಇರುವುದರಿಂದ ಕೆಲವರಿಗೆ ಹಿತ. ನಳಿಗೆಯ ತುದಿ ಭಾರವಿರುವುದನ್ನು ಇಷ್ಟಪಡುವವರಿಗೆ ಹಿಡಿಸುವುದಿಲ್ಲ.

ಕೋಲಾರದ ಶ್ರೀನಿವಾಸಪುರದ ಮಾವಿನ ತೋಪುಗಳಿಂದ ಬರುವ ಹಳೆ ಮಾವಿನ ಮರ ಬರಿದಾಗಿ ನೋಡಿದರೆ ಸಪ್ಪೆ. ಆದರೆ ಮಳೆಗೆ ಬಿದ್ದು ಬೂಷ್ಟು ಹತ್ತಿದ ಮಾವಿನಲ್ಲಿ ಕಪ್ಪು ಗೆರೆಗಳ ನಕಾಶೆ ಮೂಡಿರುತ್ತದೆ. ಮರದೊಳಗೆ ಬೇರೆ ಬೇರೆ ಶಿಲೀಂಧ್ರಗಳು ಎದುರಾದಲ್ಲಿ ಎಳೆದುಕೊಂಡ ಗಡಿಗಳವು. ಚಂದ ಹೆಚ್ಚಿದಷ್ಟೂ ಮರ ಟೊಳ್ಳು. ಹಾಗೇ ಬಳಸಿದರೆ ಸ್ಕ್ರೂ ನಿಲ್ಲುವುದಿಲ್ಲ.

ಇಂಥ ಮರಕ್ಕೆ ಉಪಾಯ ಅಂಟಿನ ರಸ ಕುಡಿಸುವುದು. ತುಂಡನ್ನು 105 ಡಿಗ್ರಿ ಶಾಖದಲ್ಲಿ ಒಂದು ದಿನ ಇಟ್ಟು ತೇವವೆಲ್ಲ ತೆಗೆದು, ಮೆಥಾಕ್ರಿಲೇಟ್ ರೆಸಿನ್‌ನಲ್ಲಿ ಮುಳುಗಿಸಿ, ಪಾತ್ರೆಯ ಗಾಳಿಯನ್ನು ಪಂಪಿನಿಂದ ಎಳೆಯುತ್ತಾರೆ. ಫ್ರಿಜ್, ಏಸಿ ರಿಪೇರಿಯವರ ಬಳಿ ಇರುವ ವ್ಯಾಕ್ಯೂಮ್ ಪಂಪೇ ಸಾಕು. ಮರದೊಳಗಿನ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಗುಳ್ಳೆ ನಿಂತ ಮೇಲೆ ಪಂಪು ಬಿಟ್ಟರೆ ಹೊರಗಿನ ಗಾಳಿಯ ಒತ್ತಡವೇ ರೆಸಿನ್ನನ್ನು ಒಳಕ್ಕೆ ತಳ್ಳುತ್ತದೆ. ಆಮೇಲೆ 90ರಿಂದ 95 ಡಿಗ್ರಿಯಲ್ಲಿ ಕಾಯಿಸಿದರೆ ರೆಸಿನ್ ಗಟ್ಟಿಯಾಗಿ, ಮರ ನೀರು ಕುಡಿಯುವುದನ್ನು ಬಹುಪಾಲು ಬಿಡುತ್ತದೆ. ಅಡುಗೆಮನೆಯ ಓವನ್ ಇದಕ್ಕೆ ಬಳಸಬೇಡಿ, ವಾಸನೆ ಹೋಗುವುದಿಲ್ಲ, ಮನೆಯವರ ಕೋಪವೂ. ಹುಣಸೆಯ ಚೇಗು, ಕಮರ, ಬೀಟೆಯಂಥ ದಟ್ಟ ಮರಗಳಿಗೆ ಈ ಚಾಕರಿ ವ್ಯರ್ಥ, ರಸ ಒಳಗೆ ಇಳಿಯುವುದೇ ಇಲ್ಲ.

ಮುಟ್ಟಬಾರದ್ದು

ದಂತದ ಮಾತೇ ಬೇಡ. ಭಾರತದ ಆನೆಯ ದಂತದ ವ್ಯಾಪಾರ 1986ರಲ್ಲಿ, ಆಫ್ರಿಕಾದ್ದು 1991ರಲ್ಲಿ ನಿಂತಿತು. ಅಜ್ಜನ ಕಾಲದ ತುಂಡು ಇದೆ ಎಂದು ಯಾರಾದರೂ ತೋರಿಸಿದರೆ ಕೈ ಮುಗಿದು ಬರುವುದು ಒಳ್ಳೆಯದು. ಜಿಂಕೆಯ ಕೊಂಬಿನ ವಿಷಯದಲ್ಲಿ ಜನ ಎಡವುತ್ತಾರೆ. ತಾನಾಗಿ ಉದುರಿದ್ದು, ಕಾಡಲ್ಲಿ ಬಿದ್ದಿತ್ತು, ಯಾರನ್ನೂ ಕೊಂದಿಲ್ಲವಲ್ಲ ಅನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆಗೆ ಆ ಸಮಜಾಯಿಷಿ ಬೇಕಿಲ್ಲ, ಕಾಡುಪ್ರಾಣಿಯ ಕೊಂಬು ಸರ್ಕಾರದ ಸ್ವತ್ತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಓಡಾಡುವ ಕೃಷ್ಣಮೃಗದ ತಿರುಚಿದ ಕೊಂಬಂತೂ ಜೈಲಿಗೆ ನೇರ ದಾರಿ. ವಿದೇಶದ ವಿಡಿಯೊಗಳಲ್ಲಿ ಜಿಂಕೆಕೊಂಬಿನ ಹಿಡಿ ನೋಡಿ ಆಸೆ ಪಡುವವರು ಇದನ್ನು ನೆನಪಿಡಲಿ. ಅಲ್ಲಿಯ ಕಾನೂನು ಅಲ್ಲಿಗೆ. ಶ್ರೀಗಂಧ, ರಕ್ತಚಂದನದ ತುಂಡುಗಳನ್ನು ಬಿಲ್ಲಿಲ್ಲದೆ ಕೊಳ್ಳುವುದು, ಹಿಡಿಯಷ್ಟೇ ಇರಲಿ, ತಲೆನೋವು ಕೊಂಡಂತೆ. ಬೀಟೆ ಮನೆಯ ಹಳೆ ಪೀಠೋಪಕರಣದಿಂದ ಬಂದದ್ದಾದರೆ ಚಿಂತೆಯಿಲ್ಲ. ಆದರೆ 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧದ ಪಟ್ಟಿಯಲ್ಲಿವೆ. ಹಿಡಿ ಮಾಡಿ ಹೊರದೇಶದ ಗೆಳೆಯನಿಗೆ ಅಂಚೆಯಲ್ಲಿ ಕಳಿಸುವ ಯೋಚನೆಯಿದ್ದರೆ ಬೇರೆ ಮರ ನೋಡಿಕೊಳ್ಳಿ.

ಎಮ್ಮೆಯ ಕೊಂಬು ಬಳಸಬಹುದು. ನಮ್ಮ ಕೂದಲು, ಉಗುರುಗಳಲ್ಲಿ ಇರುವ ಕೆರಟಿನ್ನೇ ಅದು. ಬಿಸಿ ಮಾಡಿದರೆ ಮೆತ್ತಗಾಗಿ, ಹಲಗೆಗಳ ನಡುವೆ ಒತ್ತಿಟ್ಟು ಆರಿಸಿದರೆ ಚಪ್ಪಟೆ ನಿಲ್ಲುತ್ತದೆ. ತುದಿಯ ಗಟ್ಟಿ ಭಾಗ ಮಾತ್ರ ಉಪಯೋಗ, ಬುಡ ಪೊಳ್ಳು. ಇಡೀ ಹಿಡಿಗೆ ಸಾಲದು, ಹೆಬ್ಬೆರಳ ಆಸರೆಗೋ ಅಂಚಿನ ಪಟ್ಟಿಗೋ ಸರಿ. ಡ್ರಿಲ್ ಹಾಕಿದರೆ ಕೂದಲು ಸುಟ್ಟ ವಾಸನೆ ಬೀದಿಗೆಲ್ಲ ಹರಡುತ್ತದೆ. ತೇವಕ್ಕೆ ಬಾಗುತ್ತದೆ, ಹುಳು ತಿನ್ನುತ್ತದೆ. ಚಂದಕ್ಕೆ ಹಾಕಿಕೊಳ್ಳಿ, ಭಾರ ಹೊರುವ ಕಡೆ ಬೇಡ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಸಾಮಗ್ರಿ ಮರವೂ ಅಲ್ಲ ಕೊಂಬೂ ಅಲ್ಲ, ಗೋಣಿಚೀಲ. ಕೊಬ್ಬರಿ ತುಂಬಿ ತಿಪಟೂರಿನ ಮಾರುಕಟ್ಟೆಗೆ ಹೋಗಿಬಂದ ಚೀಲ ಒಗೆದು, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಒಂದೊಂದು ಪದರಕ್ಕೂ ಎಪಾಕ್ಸಿ ಸವರಿ ಪೇರಿಸಿ, ಮೇಣ ಬಳಿದ ಹಲಗೆಗಳ ನಡುವೆ ಕ್ಲಾಂಪಿನಿಂದ ಬಿಗಿದು ಒಂದು ದಿನ ಬಿಟ್ಟರೆ ಗಟ್ಟಿ ಇಟ್ಟಿಗೆಯಂಥ ತುಂಡು ಸಿಗುತ್ತದೆ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ 1910ರ ಸುಮಾರಿಗೆ ಬಟ್ಟೆ, ಕಾಗದದ ಪದರಗಳಿಗೆ ಫೀನಾಲಿಕ್ ರೆಸಿನ್ ಹಾಕಿ ವಿದ್ಯುತ್ ನಿರೋಧಕವಾಗಿ ತಯಾರಿಸಿದ ಮೈಕಾರ್ಟಾದ ಮನೆಮದ್ದು ಇದು. ಉಜ್ಜಿದಾಗ ಪದರಗಳು ಬೆಟ್ಟದ ನಕಾಶೆಯ ಗೆರೆಗಳ ಹಾಗೆ ತೆರೆದುಕೊಳ್ಳುತ್ತವೆ. ಉಬ್ಬುವುದಿಲ್ಲ, ಕುಗ್ಗುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಕೈ ಬೆವರಿದಷ್ಟೂ ನಾರಿನ ತುದಿಗಳು ಅಂಗೈಯನ್ನು ಹಿಡಿದುಕೊಳ್ಳುತ್ತವೆ. ಎಪಾಕ್ಸಿ ಚರ್ಮಕ್ಕೆ ಒಗ್ಗದಿರುವ ಸಾಧ್ಯತೆ ಉಂಟು, ನೈಟ್ರೈಲ್ ಕೈಗವಸು ಹಾಕಿಕೊಂಡೇ ಕಲಸಿ. ಕೊಯ್ಯುವಾಗ, ಉಜ್ಜುವಾಗ ಒಳ್ಳೆಯ ಮಾಸ್ಕ್ ಇರಲೇಬೇಕು. ಈ ಮಾತು ಬೀಟೆಯ ಪುಡಿಗೂ, ಕೊಂಬಿನ ಪುಡಿಗೂ, ಬೂಷ್ಟು ಮಾವಿಗೂ ಅಷ್ಟೇ ಸಲ್ಲುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ.

ಪೊಳ್ಳು ಮೊದಲು, ಆಕಾರ ಆಮೇಲೆ

ಹೊಸಬರು ಹೊರಗಿನ ಆಕಾರದಿಂದ ಶುರುಮಾಡಲು ಹೋಗುತ್ತಾರೆ. ಕಷ್ಟದ ಕೆಲಸ ಒಳಗಿನದು. ಪಿಸ್ತೂಲಿನ ಚೌಕಟ್ಟು ಹೋಗಿ ಕೂರುವ ಪೊಳ್ಳು ಸರಿಯಿಲ್ಲದೆ ಹೊರಗೆ ಎಷ್ಟು ಚಂದ ಕೆತ್ತಿದರೂ ಪ್ರಯೋಜನವಿಲ್ಲ. ಇಡೀ ತುಂಡಿನೊಳಗೆ ಕೊರೆಯುವ ಬದಲು ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಂದೊಂದರಲ್ಲಿ ಅರ್ಧರ್ಧ ಪೊಳ್ಳು ತೋಡಿ, ಮತ್ತೆ ಅಂಟಿಸುವುದು ಸುಲಭ. ಅಳತೆಗೆ ಕಂಪನಿಯ ಹಿಡಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳಿ. ಪಿಸ್ತೂಲನ್ನು ಕೆಲಸದ ಮೇಜಿಗೆ ತರಲೇಬೇಕಾದಾಗ ಗುಂಡಿಲ್ಲವೆಂದು ಖಾತ್ರಿ ಮಾಡಿ, ಗಾಳಿಯ ಸಿಲಿಂಡರ್ ಬಿಚ್ಚಿಟ್ಟು, ಟ್ರಿಗರ್ ಭಾಗಕ್ಕೆ ಟೇಪು ಸುತ್ತಿ. ಮರದ ಪುಡಿ ಒಳಗೆ ಹೋದರೆ ರಿಪೇರಿಗೆ ಹುಡುಕಿಕೊಂಡು ಎಲ್ಲಿಗೆ ಹೋಗುತ್ತೀರಿ?

ಪೊಳ್ಳನ್ನು ಬೇಕಾದ್ದಕ್ಕಿಂತ ಒಂದು ಮಿಲಿಮೀಟರ್ ದೊಡ್ಡದೇ ತೋಡಿ. ಲೋಹದ ಭಾಗಕ್ಕೆ ಕಾರಿನ ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ, ಪೊಳ್ಳಿನೊಳಗೆ ಅರಾಲ್ಡೈಟ್ ಸವರಿ, ಕೂರಿಸಿ, ಪೂರ್ತಿ ಗಟ್ಟಿಯಾಗುವ ಮೊದಲೇ ಹೊರತೆಗೆದರೆ ಚೌಕಟ್ಟಿನ ಪಡಿಯಚ್ಚು ಒಳಗೆ ನಿಂತಿರುತ್ತದೆ. ರೈಫಲ್ ಕುಶಲಕರ್ಮಿಗಳು ಮರದ ಹಿಡಿದಿಂಡಿಗೆ ಲೋಹ ಕೂರಿಸುವುದೂ ಹೀಗೆಯೇ. ಅಲ್ಲಾಟ ಒಂದು ಕೂದಲೆಳೆಯಷ್ಟೂ ಉಳಿಯುವುದಿಲ್ಲ. ಮೇಣ ಹಚ್ಚದ ಒಂದು ಚುಕ್ಕೆ ಉಳಿದರೂ ಪಿಸ್ತೂಲು ಹಿಡಿಯೊಳಗೇ ಅಂಟಿಕೊಳ್ಳುತ್ತದೆ, ಎರಡು ಸಲ ನೋಡಿ.

ಇದಾದ ಮೇಲೆ ಅರ, ಮರಳುಕಾಗದ, ತಾಳ್ಮೆ. ಸ್ವಲ್ಪ ತೆಗೆಯುವುದು, ಹಿಡಿದು ನೋಡುವುದು. ಪರೀಕ್ಷೆ ಒಂದೇ: ಕಣ್ಣು ಮುಚ್ಚಿ ಪಿಸ್ತೂಲೆತ್ತಿ, ಕೈ ನಿಂತ ಮೇಲೆ ಕಣ್ಣು ತೆರೆಯಿರಿ. ಮುಂದಿನ ಸೈಟು ಕಚ್ಚಿನ ಬಲಕ್ಕೆ ಕಂಡರೆ ಹಿಡಿ ಅಂಗೈಯೊಳಗೆ ಸ್ವಲ್ಪ ತಿರುಗಬೇಕು, ಮೇಲೆ ಕಂಡರೆ ಹಿಡಿಯ ಓರೆ ಬದಲಾಗಬೇಕು. ಮಣಿಕಟ್ಟು ತಿರುಚಿ ಸರಿಮಾಡಿಕೊಳ್ಳುವ ಆಸೆ ಬರುತ್ತದೆ, ಮಾಡಬೇಡಿ, ಮರವನ್ನು ಸರಿಮಾಡಿ. ಹೆಚ್ಚು ತೆಗೆದ ಕಡೆ ಎಂ-ಸೀಲ್ ಮೆತ್ತಿ, ಅಂಗೈಗೆ ಎಣ್ಣೆ ಸವರಿಕೊಂಡು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ ಬಿಗಿಯಾಗಿ ಹಿಡಿದರೆ ಕೈಯ ಅಚ್ಚು ಮೂಡುತ್ತದೆ. ಸಂಜೆಯ ಹೊತ್ತಿನ ಬಿಸಿಲಲ್ಲಿ ಕೈ ಕೊಂಚ ಊದಿರುತ್ತದೆ. ಎ.ಸಿ. ರೇಂಜಿನಲ್ಲಿ ಆಡುವವರು ಬೆಳಗಿನ ತಂಪಿನಲ್ಲಿ ಅಚ್ಚು ತೆಗೆಯಲಿ.

ಎಣ್ಣೆಯ ವಿಷಯಕ್ಕೆ ಬಂದರೆ, ತೆಂಗಿನ ನಾಡಿನವರಿಗೆ ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಇಲ್ಲಿ ಅದು ಕೆಲಸಕ್ಕೆ ಬಾರದು. ಎಣ್ಣೆ ಮರದ ಮೇಲೆ "ಒಣಗುವುದು" ಅಂದರೆ ಆವಿಯಾಗುವುದಲ್ಲ. ಅದರ ಅಣುಗಳಲ್ಲಿನ ಜೋಡಿಬಂಧಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಲೆಯಂತೆ ಹೆಣೆದುಕೊಂಡು ಗಟ್ಟಿ ಪೊರೆಯಾಗುವುದು. ಜೋಡಿಬಂಧ ಎಷ್ಟಿದೆ ಎಂಬುದನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಕೊಬ್ಬರಿ ಎಣ್ಣೆಯದು ಹತ್ತರ ಆಸುಪಾಸು, ಹೊಂಗೆಯದು ಎಂಬತ್ತು ತೊಂಬತ್ತು, ಕುಸುಬೆಯದು 145ರ ಹತ್ತಿರ, ಅಗಸೆ ಎಣ್ಣೆಯದು 170ರಿಂದ 200. ಮೊದಲೆರಡು ಎಷ್ಟು ವರ್ಷ ಕಾದರೂ ಜಿಡ್ಡಾಗಿಯೇ ಉಳಿಯುತ್ತವೆ. ಅಗಸೆಯೇ ಬೇಕು, ಅದೂ ತೆಳ್ಳಗೆ ಸವರಿ, ಹೆಚ್ಚಾದದ್ದು ಒರೆಸಿ, ಒಣಗಿದ ಮೇಲೆ ಮತ್ತೆ. ಪೊಳ್ಳಿನ ಒಳಗೂ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಆಮ್ಲಜನಕ ಸೇರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಕೂಡಿಕೊಂಡು ತಾನಾಗಿ ಬೆಂಕಿ ಹತ್ತುತ್ತದೆ. ಹರಡಿ ಒಣಹಾಕಿ, ಇಲ್ಲವೇ ನೀರಲ್ಲಿ ನೆನೆಸಿ ಬಿಸಾಡಿ.

ಮಿರಮಿರ ಮಿಂಚುವ ಪಾಲಿಶ್ ಕೊಡುವ ಚಟವಿರುವವರು ಪೀಠೋಪಕರಣ ಮಾಡಲಿ. ಇಲ್ಲಿ ಮೈ ಒರಟಿರಬೇಕು. ಮೊಳೆಯ ತುದಿಯನ್ನು ಅರದಿಂದ ಚೂಪು ಮಾಡಿ, ಸಣ್ಣ ಸುತ್ತಿಗೆಯಿಂದ ಅಂಗೈ ತಾಗುವ ಕಡೆಯೆಲ್ಲ ಒತ್ತೊತ್ತಾಗಿ ಚುಕ್ಕಿ ಹೊಡೆದರೆ ಬೆವರಿಗೆ ಜಾರುವುದಿಲ್ಲ. ಇಡೀ ಭಾನುವಾರ ತಿನ್ನುವ ಕೆಲಸ, ರೇಡಿಯೊ ಹಾಕಿಕೊಂಡು ಕೂತರೆ ಆದೀತು.

ಮಳೆಗಾಲ ಶುರುವಾದಾಗಲೊಮ್ಮೆ, ಚಳಿ ಒಣಗಾಳಿ ಬೀಸಿದಾಗಲೊಮ್ಮೆ ಹಿಡಿಯ ಸ್ಕ್ರೂ ಬಿಗಿ ನೋಡಿ. ಸ್ಪರ್ಧೆಗೆ ಹೋಗುವಾಗ ಕಂಪನಿಯ ಹಿಡಿಯನ್ನೂ ಅದಕ್ಕೆ ಹೊಂದುವ ಅಲೆನ್ ಕೀಯನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಸಲಕರಣೆ ತಪಾಸಣೆಯ ಪೆಟ್ಟಿಗೆಗೆ ನಿಮ್ಮ ಹುಣಸೆಯ ತಟ್ಟೆ ಅರ್ಧ ಮಿಲಿಮೀಟರ್ ತಾಗಿತೆಂದರೆ ಅಲ್ಲೇ ನಿಂತು ಬದಲಿಸಿಕೊಳ್ಳಬಹುದು. ಹಾಗೇ ಒಂದು ಸಣ್ಣ ಅರವನ್ನೂ ಜೊತೆಗಿಟ್ಟುಕೊಂಡರೆ ಬದಲಿಸುವುದೂ ಬೇಕಾಗದೆ ಹೋಗಬಹುದು.